ಪಾಸ್‌ವರ್ಡ್ ತಗೊಳ್ತಿಲ್ಲ ಅಂತ ಫಾರ್ಮ್ಯಾಟ್ ಹೊಡೆಸಬೇಡಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದಾಗ ಇಲ್ಲಿ ಕೊಡಗಿನಲ್ಲಿ ಕಾವೇರಿ ಸಂಕ್ರಮಣದ ಓಡಾಟ. ಆಗ ಯಾರಿಗೂ ಕಂಪ್ಯೂಟರ್ ಚಿಂತೆ ಇರಲಿಲ್ಲ. ಕಾಫಿ ಕೊಯ್ಲು ಮುಗಿದು, ತೋಟದ ಲೆಕ್ಕ ಹಾಕಲು ಲ್ಯಾಪ್‌ಟಾಪ್ ತೆರೆದಾಗ ಶುರುವಾಯಿತು ನೋಡಿ. ಹಳೆಯ ಮೆಷಿನ್‌ಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು, ಸಾಕಷ್ಟು ಹೊಸ ಪ್ರೊಸೆಸರೂ ಬೇಕು. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸು ಬಾರದವರು ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಹಾಕಿಕೊಂಡರು. ಒಳ್ಳೆಯದೇ ಮಾಡಿದರು.

ಹಾಕಿಕೊಂಡ ಎರಡನೇ ದಿನ ಫೋನ್ ಬರುತ್ತದೆ. ಗೋಣಿಕೊಪ್ಪದಿಂದ ಬರಲಿ, ಸೋಮವಾರಪೇಟೆಯಿಂದ ಬರಲಿ, ಮಾತು ಒಂದೇ: "ಅಡ್ಮಿನ್ ಪಾಸ್‌ವರ್ಡ್ ತಗೊಳ್ತಾನೇ ಇಲ್ಲ, ಎಂಥ ಮಾಡೋದು?" ಅಂಗಡಿಗೆ ಒಯ್ದರೆ ಅಲ್ಲಿಯೂ ಉತ್ತರ ಒಂದೇ: ಫಾರ್ಮ್ಯಾಟ್. ಐದು ನಿಮಿಷದ ಕೆಲಸಕ್ಕೆ ಇಡೀ ಡಿಸ್ಕ್ ಅಳಿಸುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲ ಚಿಲಕ ಬಿಗಿಯಾಯಿತೆಂದು ಮನೆ ಕೆಡವಿದ ಹಾಗೆ. ಅದಕ್ಕೇ ಫೋನಿನಲ್ಲಿ ಪದೇ ಪದೇ ಹೇಳುವುದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಫೋನ್ ಮಾಡುವವರಲ್ಲಿ ಪಾಸ್‌ವರ್ಡನ್ನು ನಿಜವಾಗಿ ಮರೆತವರು ಕಡಿಮೆ. ಹೆಚ್ಚಿನವರಿಗೆ ಪಾಸ್‌ವರ್ಡ್ ನೆನಪಿದೆ. ಕೀಬೋರ್ಡ್ ಬೇರೇನೋ ಬರೆಯುತ್ತಿರುತ್ತದೆ, ಇಲ್ಲವೇ ಕಂಪ್ಯೂಟರ್ ಕೇಳುತ್ತಿರುವುದು ಇನ್ನೊಂದು ಪಾಸ್‌ವರ್ಡ್ ಆಗಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನೇರ ಆರನೆಯದಕ್ಕೆ ಹಾರಬೇಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಇನ್‌ಸ್ಟಾಲ್ ಮಾಡಲು ಬಳಸಿದ ಪೆನ್‌ಡ್ರೈವ್, ಒಂದು ಕಾಗದ, ಪೆನ್ನು, ಇಂಟರ್ನೆಟ್ ಇರುವ ಮೊಬೈಲ್. ಸಾಧ್ಯವಾದರೆ ಹೊರಗಿನಿಂದ ಚುಚ್ಚುವ ಯುಎಸ್‌ಬಿ ಕೀಬೋರ್ಡ್. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಆರನೇ ಹಂತಕ್ಕೆ ಕೈ ಹಾಕಬೇಡಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಇಲ್ಲಿ ಬರುವ ಆಜ್ಞೆಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಅಪ್ಪಣೆಗಳನ್ನು, ಫೋನಿನಲ್ಲಿ ಹೇಳುವಂತೆ ಅಕ್ಷರ ಬಿಡಿಸಿ ಬರೆದಿದ್ದೇನೆ. ನೀವು ಟೈಪ್ ಮಾಡಬೇಕಾದ್ದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ. ಅಕ್ಷರಗಳ ನಡುವೆ ನಾನು ಹಾಕಿರುವ ಸಣ್ಣ ಗೆರೆ ಓದುವ ಅನುಕೂಲಕ್ಕೆ ಮಾತ್ರ, ಅದನ್ನು ಒತ್ತಬೇಡಿ. ನಿಜವಾಗಿ ಗೆರೆ ಒತ್ತಬೇಕಾದ ಕಡೆ "ಮೈನಸ್" ಎಂದೇ ಬರೆದಿದ್ದೇನೆ. "ಸ್ಪೇಸ್" ಎಂದಲ್ಲಿ ಉದ್ದದ ಕೀಲಿ. ಪ್ರತಿ ಆಜ್ಞೆಯ ಕೊನೆಗೆ ಎಂಟರ್.

ಇದೆಲ್ಲ ನಿಮ್ಮ ಸ್ವಂತ ಕಂಪ್ಯೂಟರಿಗೆ. ಕಚೇರಿಯದ್ದಾದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿ.

ಹಂತ 1: ಕೇಳುತ್ತಿರುವುದು ಯಾವ ಪಾಸ್‌ವರ್ಡ್?

ಒಂದು ಕಂಪ್ಯೂಟರಿನಲ್ಲಿ ನಾಲ್ಕೈದು ಬೀಗ ಇರಬಹುದು. ಯಾವ ಹೊತ್ತಿಗೆ ಕೇಳಿತು ಎಂಬುದರ ಮೇಲೆ ಯಾವ ಬೀಗವೆಂದು ಹೇಳಬಹುದು.

ಪವರ್ ಬಟನ್ ಒತ್ತಿದ ತಕ್ಷಣ, ಉಬುಂಟುವಿನದೋ ಮಿಂಟಿನದೋ ಗುರುತು ಬರುವ ಮೊದಲೇ ಕೇಳಿದರೆ ಅದು ಬಯೋಸ್ ಪಾಸ್‌ವರ್ಡ್. ಬಯೋಸ್ ಎಂದರೆ ಮದರ್‌ಬೋರ್ಡಿನ ಒಳಗೇ ಇರುವ ಮೂಲ ಪ್ರೋಗ್ರಾಂ. ಆಪರೇಟಿಂಗ್ ಸಿಸ್ಟಮ್‌ಗೂ ಇದಕ್ಕೂ ಸಂಬಂಧವಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಮಾರಿದವರನ್ನೇ ಕೇಳಿ.

ಗುರುತು ಕಂಡು, ಹೆಸರು ತೋರಿಸುವ ಲಾಗಿನ್ ಪರದೆಗಿಂತ ಮೊದಲು "ಡಿಸ್ಕ್ ಅನ್‌ಲಾಕ್" ಎಂಬ ಅರ್ಥದ ಸಾಲು ಬಂದರೆ ಅದು ಎನ್‌ಕ್ರಿಪ್ಷನ್ ಪಾಸ್‌ಫ್ರೇಸ್. ಎನ್‌ಕ್ರಿಪ್ಷನ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಕೀಲಿ ಇಲ್ಲದವರಿಗೆ ಅರ್ಥವಾಗದಂತೆ ಕಲಸಿಡುವುದು. ಇನ್‌ಸ್ಟಾಲ್ ಮಾಡುವಾಗ ಆ ಪೆಟ್ಟಿಗೆಗೆ ಟಿಕ್ ಹಾಕಿದ್ದರೆ ಮಾತ್ರ ಇದು ಬರುತ್ತದೆ. ಇದನ್ನು ಮರೆತರೆ ಕೆಳಗಿನ ಯಾವ ಹಂತವೂ ಕೆಲಸಕ್ಕೆ ಬಾರದು, ಯಾವ ಅಂಗಡಿಯವರೂ ತೆಗೆದುಕೊಡಲಾರರು. "ನಾವು ತೆಗೀತೇವೆ" ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಫಾರ್ಮ್ಯಾಟ್ ನ್ಯಾಯವಾಗುವ ಜಾಗ ಇದೊಂದೇ.

ಹೆಸರಿನ ಕೆಳಗೆ ಕೇಳಿದರೆ ಲಾಗಿನ್ ಪಾಸ್‌ವರ್ಡ್. ಒಳಗೆ ಹೋದ ಮೇಲೆ ಸಾಫ್ಟ್‌ವೇರ್ ಹಾಕುವಾಗ, ಅಪ್‌ಡೇಟ್ ಮಾಡುವಾಗ, ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಕೇಳಿದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಉಬುಂಟು, ಮಿಂಟ್ ಎರಡರಲ್ಲೂ ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಸಿದ ಮೊದಲ ಬಳಕೆದಾರನೇ ಅಡ್ಮಿನ್. ಅವನ ಲಾಗಿನ್ ಪಾಸ್‌ವರ್ಡೇ ಅಡ್ಮಿನ್ ಪಾಸ್‌ವರ್ಡ್. ಬೇರೆ "ರೂಟ್ ಪಾಸ್‌ವರ್ಡ್" ಅಂತ ಒಂದಿಲ್ಲ, ಹುಡುಕಲು ಹೋಗಬೇಡಿ. ರೂಟ್ ಎಂದರೆ ಲಿನಕ್ಸ್‌ನ ಸರ್ವಾಧಿಕಾರಿ ಖಾತೆ. ಈ ಎರಡರಲ್ಲೂ ಅದಕ್ಕೆ ಬೀಗ ಜಡಿದೇ ಕೊಡುತ್ತಾರೆ.

ಮನೆಯಲ್ಲಿ ಎರಡು ಖಾತೆಗಳಿದ್ದರೆ ಇನ್ನೊಂದು ತೊಡಕು. ಮಗಳಿಗೆಂದು ಮಾಡಿದ ಸಾಮಾನ್ಯ ಖಾತೆಯಿಂದ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಒಂದು ಸಣ್ಣ ಕಿಟಕಿ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಅವಳು ತನ್ನದನ್ನು ಹತ್ತು ಸಲ ಹಾಕಿದರೂ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ ಯಾರ ಹೆಸರಿದೆ ನೋಡಿ. ಅಪ್ಪನ ಹೆಸರಿದ್ದರೆ ಅಪ್ಪನ ಪಾಸ್‌ವರ್ಡೇ ಬೇಕು.

ಕೊನೆಯದಾಗಿ, ಕ್ರೋಮ್ ತೆರೆದಾಗ "ಕೀರಿಂಗ್" ಎಂಬ ಪದದೊಂದಿಗೆ ಕೇಳಿದರೆ ಅದು ಬೇರೆ ಬೀಗ. ಅದು ಹಂತ 8ರಲ್ಲಿದೆ.

ಇನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುತ್ತಿರುವವರು, ಅಂದರೆ "ಟ್ರೈ" ಎಂಬುದನ್ನು ಒತ್ತಿ ಒಳಗೆ ಬಂದವರು, ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳಿದಾಗ ಗಾಬರಿಯಾಗುತ್ತಾರೆ. ಅಲ್ಲಿ ಪಾಸ್‌ವರ್ಡೇ ಇಲ್ಲ. ಉಬುಂಟುವಿನಲ್ಲಿ ಯೂಸರ್‌ನೇಮ್ ಉಬುಂಟು, ಮಿಂಟ್‌ನಲ್ಲಿ ಮಿಂಟ್. ಪೆಟ್ಟಿಗೆಯನ್ನು ಖಾಲಿ ಬಿಟ್ಟು ಎಂಟರ್ ಒತ್ತಿ. ಮತ್ತೆ, ನೀವು ಇನ್ನೂ ಇನ್‌ಸ್ಟಾಲ್ ಮಾಡಿಲ್ಲ ಎಂಬುದೂ ನೆನಪಿರಲಿ. ಆಫ್ ಮಾಡಿದರೆ ಮಾಡಿದ್ದೆಲ್ಲ ಹೋಯಿತು.

ಹಂತ 2: ಕೀಬೋರ್ಡನ್ನು ಅನುಮಾನಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ನನ್ನ ಫೋನ್ ಕರೆಗಳು ಮುಗಿಯುವುದು ಹೆಚ್ಚಾಗಿ ಇಲ್ಲೇ.

ಮೊದಲು ಕ್ಯಾಪ್ಸ್ ಲಾಕ್ ನೋಡಿ. ಅದು ಎಲ್ಲರಿಗೂ ಗೊತ್ತು. ನಮ್ ಲಾಕ್ ಯಾರಿಗೂ ನೆನಪಾಗುವುದಿಲ್ಲ. ಬಲಗಡೆ ಅಂಕಿಗಳ ಗುಂಪು ಇಲ್ಲದ ಕೆಲವು ಹಳೆಯ ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬೀಳುತ್ತವೆ. ಯು, ಐ, ಓ ಒತ್ತಿದರೆ 4, 5, 6. ಆ ಅಕ್ಷರಗಳ ಮೂಲೆಯಲ್ಲಿ ಸಣ್ಣದಾಗಿ ಅಂಕಿ ಅಚ್ಚಾಗಿದ್ದರೆ ನಿಮ್ಮದೂ ಅಂಥದ್ದೇ. ಉಲ್ಟಾ ಕೂಡ ಆಗುತ್ತದೆ. ದೊಡ್ಡ ಕೀಬೋರ್ಡ್‌ನಲ್ಲಿ ನಮ್ ಲಾಕ್ ಆಫ್ ಇದ್ದರೆ ಬಲಗಡೆಯ ಅಂಕಿಗಳು ಬೀಳುವುದೇ ಇಲ್ಲ. ಪಾಸ್‌ವರ್ಡ್‌ನ ಅಂಕಿಗಳನ್ನು ಮೇಲಿನ ಸಾಲಿನಿಂದಲೇ ಒತ್ತುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಲೇಔಟ್. ಯಾವ ಕೀಲಿಗೆ ಯಾವ ಅಕ್ಷರ ಎಂಬ ನಕ್ಷೆಗೆ ಲೇಔಟ್ ಎನ್ನುತ್ತಾರೆ. ಇನ್‌ಸ್ಟಾಲ್ ಮಾಡುವಾಗ "ಇಂಗ್ಲಿಷ್ ಯುಕೆ" ಆರಿಸಿದವರ ಕಥೆ ಕೇಳಿ. ನಮ್ಮಲ್ಲಿ ಮಾರುವ ಕೀಬೋರ್ಡ್‌ಗಳು ಅಮೆರಿಕದ ನಕ್ಷೆಯವು. ಶಿಫ್ಟ್ ಹಿಡಿದು 2 ಒತ್ತಿದರೆ ಅಟ್ ಚಿಹ್ನೆ, ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ, ಅದು. ಬ್ರಿಟನ್ ನಕ್ಷೆಯಲ್ಲಿ ಅದೇ ಕೀಲಿಗೆ ಜೋಡಿ ಉದ್ಧರಣ ಚಿಹ್ನೆ ಬೀಳುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ಚುಕ್ಕಿ ಕಾಣುವುದರಿಂದ ನಿಮಗೆ ಗೊತ್ತಾಗುವುದಿಲ್ಲ. ಎರಡು ಸಲ ಕೇಳಿದಾಗಲೂ ಅದೇ ತಪ್ಪು ಬಿದ್ದಿರುವುದರಿಂದ ಇನ್‌ಸ್ಟಾಲರ್ ಖುಷಿಯಿಂದ ಒಪ್ಪಿಕೊಂಡಿರುತ್ತದೆ. ಆಮೇಲೆ ಯಾರೋ ಲೇಔಟನ್ನು ಅಮೆರಿಕಕ್ಕೆ ಬದಲಿಸಿದರೆ ಮುಗಿಯಿತು, ಸರಿಯಾದ ಪಾಸ್‌ವರ್ಡ್ ತಪ್ಪಾಗುತ್ತದೆ. ಪರಿಹಾರ ಸುಲಭ: ಅಟ್ ಚಿಹ್ನೆಯ ಜಾಗದಲ್ಲಿ, ಶಿಫ್ಟ್ ಹಿಡಿದು ಎಂಟರ್ ಕೀಲಿಯ ಎಡಗಡೆ ಇರುವ ಉದ್ಧರಣ ಚಿಹ್ನೆಯ ಕೀಲಿ ಒತ್ತಿ ನೋಡಿ. ಇಲ್ಲವೇ ಲೇಔಟನ್ನು ಮತ್ತೆ ಯುಕೆಗೆ ತಿರುಗಿಸಿ.

ಕನ್ನಡ ಟೈಪ್ ಮಾಡುವವರಿಗೆ ಮೂರನೆಯದೂ ಒಂದಿದೆ. ಕಗಪ ಅಥವಾ ಇನ್‌ಸ್ಕ್ರಿಪ್ಟ್ ಲೇಔಟ್ ಸೇರಿಸಿಕೊಂಡಿದ್ದರೆ ಲಾಗಿನ್ ಪರದೆಯಲ್ಲೂ ಅದೇ ಚಾಲೂ ಇರಬಹುದು. ಆಗ ಚುಕ್ಕಿಗಳ ಹಿಂದೆ ಬೀಳುತ್ತಿರುವುದು ಕನ್ನಡ ಅಕ್ಷರ. ಪರದೆಯ ಮೂಲೆಯಲ್ಲಿ ಭಾಷೆಯ ಎರಡು ಮೂರು ಅಕ್ಷರದ ಗುರುತು ಇರುತ್ತದೆ, ಅದನ್ನು ಒತ್ತಿ ಇಂಗ್ಲಿಷಿಗೆ ಬದಲಿಸಿ. ಕನ್ನಡದ ಮೇಲೆ ಎಷ್ಟೇ ಅಭಿಮಾನವಿರಲಿ, ಪಾಸ್‌ವರ್ಡ್ ಮಾತ್ರ ಕನ್ನಡ ಅಕ್ಷರದಲ್ಲಿ ಇಡಬೇಡಿ. ತುರ್ತಿನ ಕಪ್ಪು ಪರದೆಯಲ್ಲಿ ಅದನ್ನು ಟೈಪ್ ಮಾಡಲು ದಾರಿಯೇ ಇರುವುದಿಲ್ಲ.

ಬೀಳುತ್ತಿರುವುದು ಏನೆಂದು ಕಣ್ಣಾರೆ ನೋಡುವ ಉಪಾಯ ಹೀಗಿದೆ. ಉಬುಂಟುವಿನ ಲಾಗಿನ್ ಪೆಟ್ಟಿಗೆಯ ಬಲತುದಿಯಲ್ಲಿ ಕಣ್ಣಿನ ಚಿತ್ರ ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಹೆಸರುಗಳ ಕೆಳಗಿನ "ನಾಟ್ ಲಿಸ್ಟೆಡ್" ಒತ್ತಿ, ಯೂಸರ್‌ನೇಮ್ ಕೇಳುವ ಜಾಗದಲ್ಲಿ ಪಾಸ್‌ವರ್ಡ್ ಟೈಪ್ ಮಾಡಿ ನೋಡಿ. ಅಕ್ಷರ ತೆರೆದು ಕಾಣುತ್ತದೆ. ನೋಡಿದ ಮೇಲೆ ಅಳಿಸಿ. ಅಲ್ಲಿ ಎಂಟರ್ ಒತ್ತಿದರೆ ನಿಮ್ಮ ಪಾಸ್‌ವರ್ಡ್ ಯೂಸರ್‌ನೇಮ್ ಎಂದು ಸಿಸ್ಟಮ್ ದಾಖಲೆಗೆ ಹೋಗಬಹುದು. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಇದನ್ನು ಮಾಡಬೇಡಿ.

ಮಳೆಗಾಲದಲ್ಲಿ ಇನ್ನೊಂದು. ಜೂನ್‌ನಿಂದ ಮೂರು ತಿಂಗಳು ಮನೆಯ ಗೋಡೆಯೇ ಬೆವರುವ ಊರು ನಮ್ಮದು, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಕೀಬೋರ್ಡಿನ ಒಂದು ಕೀಲಿ ಕೆಲಸ ಮಾಡದೆ ಹೋಗುವುದು, ಇನ್ನೊಂದು ಒಂದೇ ಒತ್ತಿಗೆ ಎರಡು ಸಲ ಬೀಳುವುದು ಮಾಮೂಲು. ಚುಕ್ಕಿಗಳನ್ನು ಎಣಿಸಿ. ಹತ್ತು ಅಕ್ಷರದ ಪಾಸ್‌ವರ್ಡ್‌ಗೆ ಒಂಬತ್ತೋ ಹನ್ನೊಂದೋ ಚುಕ್ಕಿ ಬಂದರೆ ತಪ್ಪು ಕೀಬೋರ್ಡಿನದು. ಹೊರಗಿನ ಕೀಬೋರ್ಡ್ ಹಾಕಿ ಮತ್ತೆ ಪ್ರಯತ್ನಿಸಿ.

ಹಂತ 3: ಟರ್ಮಿನಲ್‌ನಲ್ಲಿ ಏನೂ ಕಾಣದಿದ್ದರೆ ಅದೇ ಸರಿ

ಟರ್ಮಿನಲ್ ಎಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ. ಅಲ್ಲಿ ಎಸ್-ಯು-ಡಿ-ಓ, "ಸುಡೊ" ಎಂಬ ಪದದಿಂದ ಶುರುವಾಗುವ ಆಜ್ಞೆ ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಸುಡೊ ಎಂದರೆ "ಈ ಒಂದು ಕೆಲಸವನ್ನು ಅಡ್ಮಿನ್ ಅಧಿಕಾರದಲ್ಲಿ ಮಾಡು" ಎಂದರ್ಥ. ನೀವು ಟೈಪ್ ಮಾಡುತ್ತೀರಿ. ಅಕ್ಷರವಿಲ್ಲ, ಚುಕ್ಕಿಯಿಲ್ಲ, ನಕ್ಷತ್ರವಿಲ್ಲ, ಕರ್ಸರ್ ಕೂಡ ಕದಲುವುದಿಲ್ಲ. "ಕೀಬೋರ್ಡ್ ಸತ್ತು ಹೋಗಿದೆ" ಎಂದು ಜನ ನನಗೆ ಫೋನ್ ಮಾಡುವುದು ಆಗಲೇ.

ಸತ್ತಿಲ್ಲ. ಹಿಂದೆ ನಿಂತವರಿಗೆ ಪಾಸ್‌ವರ್ಡಿನ ಉದ್ದವೂ ತಿಳಿಯಬಾರದು ಎಂದು ಹಾಗೆ ಮಾಡಿದ್ದಾರೆ. ಮಿಂಟ್‌ನಲ್ಲಿ ನಕ್ಷತ್ರ ಕಾಣುತ್ತದೆ, ಡೆಬಿಯನ್ ಮತ್ತು ಉಬುಂಟುವಿನ ಬಹುತೇಕ ಆವೃತ್ತಿಗಳಲ್ಲಿ ಇಲ್ಲ. ನಿಧಾನವಾಗಿ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಮಧ್ಯದಲ್ಲಿ ತಪ್ಪಾಯಿತೆಂಬ ಅನುಮಾನ ಬಂದರೆ ಬ್ಯಾಕ್‌ಸ್ಪೇಸನ್ನು ಒಂದಿಷ್ಟು ಹೊತ್ತು ಹಿಡಿದು ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿ. ಸಾಮಾನ್ಯವಾಗಿ ಮೂರು ಅವಕಾಶ ಸಿಗುತ್ತದೆ. ಮೂರೂ ತಪ್ಪಿದರೆ ಏನೂ ಹಾಳಾಗುವುದಿಲ್ಲ, ಆಜ್ಞೆಯನ್ನು ಮತ್ತೆ ಕೊಟ್ಟರಾಯಿತು.

ಹಂತ 4: ಯೂಸರ್‌ನೇಮ್ ನೀವಂದುಕೊಂಡದ್ದು ಅಲ್ಲದಿರಬಹುದು

ಇದು ಕೊಡಗಿನಲ್ಲಿ ವಿಶೇಷವಾಗಿ ಆಗುವ ಎಡವಟ್ಟು. ಇನ್‌ಸ್ಟಾಲರ್ ಮೊದಲು ನಿಮ್ಮ ಪೂರ್ಣ ಹೆಸರು ಕೇಳುತ್ತದೆ. ಆಮೇಲೆ ಹಲವು ಇನ್‌ಸ್ಟಾಲರ್‌ಗಳು ಆ ಹೆಸರಿನ ಮೊದಲ ಪದವನ್ನೇ ಸಣ್ಣಕ್ಷರದಲ್ಲಿ ಯೂಸರ್‌ನೇಮ್ ಪೆಟ್ಟಿಗೆಗೆ ತಾವೇ ತುಂಬಿಬಿಡುತ್ತವೆ. ಹೊರದೇಶದವರಿಗೆ ಮೊದಲ ಪದ ಸ್ವಂತ ಹೆಸರು. ಕೊಡವರು ಬರೆಯುವುದು ಮನೆತನದ ಹೆಸರನ್ನು ಮೊದಲು. ಹೀಗಾಗಿ ಯೂಸರ್‌ನೇಮ್ ಆಗಿ ಕೂರುವುದು ಇಡೀ ಒಕ್ಕದ ಹೆಸರು! ಮಾಲೀಕರು ಮಾತ್ರ ತಮ್ಮ ಸ್ವಂತ ಹೆಸರು ಹಾಕಿ ಹಾಕಿ ಸೋಲುತ್ತಾರೆ.

ಹೆಸರಿನ ಚಿತ್ರ ಒತ್ತಿ ಲಾಗಿನ್ ಆಗುವಾಗ ಇದು ಅಡ್ಡ ಬರುವುದಿಲ್ಲ, ಮುಂದಿನ ಹಂತಗಳಲ್ಲಿ ಬರುತ್ತದೆ. ಒಳಗೆ ಹೋಗಲು ಆಗುತ್ತಿದ್ದರೆ ಟರ್ಮಿನಲ್‌ನಲ್ಲಿ ಡಬ್ಲ್ಯು-ಎಚ್-ಓ-ಎ-ಎಂ-ಐ ಎಂದು ಕೊಡಿ. "ನಾನು ಯಾರು" ಎಂದು ಕೇಳಿದಂತೆ. ಉತ್ತರವೇ ನಿಮ್ಮ ಯೂಸರ್‌ನೇಮ್. ಕಾಗದದ ಮೇಲೆ ಬರೆದುಕೊಳ್ಳಿ.

ಹಂತ 5: "ನೀವು ಸುಡೋಯರ್ಸ್ ಪಟ್ಟಿಯಲ್ಲಿಲ್ಲ" ಎಂದರೆ

ಪಾಸ್‌ವರ್ಡ್ ಸರಿಯಾಗಿದೆ, ಆದರೂ ಸುಡೋಯರ್ಸ್, ಅಂದರೆ ಸುಡೊ ಬಳಸಲು ಅನುಮತಿ ಇರುವವರು, ಎಂಬ ಪದವಿರುವ ಇಂಗ್ಲಿಷ್ ಸಾಲು ಬರುತ್ತದೆ. ಕೆಲವು ಆವೃತ್ತಿಗಳಲ್ಲಿ ಜತೆಗೆ "ಈ ಘಟನೆಯನ್ನು ವರದಿ ಮಾಡಲಾಗುವುದು" ಎಂಬ ಬೆದರಿಕೆ. ಹೆದರಬೇಡಿ, ಪೊಲೀಸರಿಗೇನೂ ಹೋಗುವುದಿಲ್ಲ. ನಿಮ್ಮದೇ ಕಂಪ್ಯೂಟರಿನ ದಾಖಲೆಯಲ್ಲಿ ಒಂದು ಸಾಲು ಸೇರುತ್ತದೆ ಅಷ್ಟೆ.

ಡೆಬಿಯನ್ ಹಾಕಿದವರಿಗೆ ಇದು ಆಗುವುದು ಹೆಚ್ಚು. ಡೆಬಿಯನ್ ಇನ್‌ಸ್ಟಾಲರ್ ರೂಟ್ ಪಾಸ್‌ವರ್ಡ್ ಬೇರೆಯಾಗಿ ಕೇಳುತ್ತದೆ. ಅದನ್ನು ಖಾಲಿ ಬಿಟ್ಟರೆ ಉಬುಂಟುವಿನಂತೆ ಮೊದಲ ಬಳಕೆದಾರನಿಗೆ ಸುಡೊ ಅಧಿಕಾರ ಸಿಗುತ್ತದೆ. ಏನಾದರೂ ತುಂಬಿದರೆ ಆ ಅಧಿಕಾರ ಸಿಗುವುದಿಲ್ಲ, ಅಡ್ಮಿನ್ ಕೆಲಸಕ್ಕೆ ರೂಟ್ ಖಾತೆಯೇ ಬೇಕು. ಪೆಟ್ಟಿಗೆ ಕಂಡರೆ ತುಂಬುವುದು ನಮ್ಮ ಸ್ವಭಾವ, ಏನು ಮಾಡುವುದು.

ಸರಿಪಡಿಸುವುದು ಹೀಗೆ:

1. ಟರ್ಮಿನಲ್‌ನಲ್ಲಿ ಎಸ್-ಯು ಸ್ಪೇಸ್ ಮೈನಸ್. ರೂಟ್ ಪಾಸ್‌ವರ್ಡ್ ಹಾಕಿ. ಆ ಮೈನಸ್ ಬಿಟ್ಟರೆ ಮುಂದಿನ ಆಜ್ಞೆಗೆ "ಕಮಾಂಡ್ ನಾಟ್ ಫೌಂಡ್" ಎಂಬ ಉತ್ತರ ಬರುತ್ತದೆ. ಇಲ್ಲಿ ಎಡವಿದವರು ಬಹಳ.
2. ಎ-ಡಿ-ಡಿ-ಯು-ಎಸ್-ಇ-ಆರ್ ಸ್ಪೇಸ್ ನಿಮ್ಮ ಯೂಸರ್‌ನೇಮ್ ಸ್ಪೇಸ್ ಎಸ್-ಯು-ಡಿ-ಓ.
3. ಇ-ಎಕ್ಸ್-ಐ-ಟಿ ಕೊಟ್ಟು ಹೊರಬನ್ನಿ. ನಂತರ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಬರೀ ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು.
4. ಐ-ಡಿ ಎಂದು ಕೊಟ್ಟು ನೋಡಿ. ಬರುವ ಉದ್ದ ಸಾಲಿನಲ್ಲಿ 27ರ ಪಕ್ಕ ಸುಡೊ ಎಂದಿದ್ದರೆ ಕೆಲಸವಾಯಿತು.

ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಹಾಕಿರುವವರಿಗೆ ಆ ಗುಂಪಿನ ಹೆಸರು ಸುಡೊ ಅಲ್ಲ, ವೀಲ್.

ಹಂತ 6: ನಿಜವಾಗಿಯೂ ಮರೆತಿದ್ದರೆ

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಆಟೋ ಲಾಗಿನ್ ಇಟ್ಟುಕೊಂಡವರು. ದಿನಾ ಪಾಸ್‌ವರ್ಡ್ ಹಾಕದೇ ಒಳಗೆ ಹೋಗಿ ಹೋಗಿ, ಮೂರು ವಾರದ ನಂತರ ಅಪ್‌ಡೇಟ್ ಕೇಳಿದಾಗ ತಲೆ ಖಾಲಿ. ಅಂಗಡಿಯಲ್ಲಿ ಇನ್‌ಸ್ಟಾಲ್ ಮಾಡಿಸಿದ್ದರೆ ಮೊದಲು ಅವರನ್ನೇ ಕೇಳಿ, ಪಾಸ್‌ವರ್ಡ್ ಇಟ್ಟವರು ಅವರೇ ಆಗಿರುತ್ತಾರೆ.

ಉಬುಂಟು, ಮಿಂಟ್‌ಗೆ ದಾರಿ ಇದು.

1. ರೀಸ್ಟಾರ್ಟ್ ಮಾಡಿ. ಕಂಪನಿಯ ಗುರುತು ಮಾಯವಾಗುತ್ತಿದ್ದಂತೆ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ. ತುಂಬ ಹಳೆಯ ಮೆಷಿನ್ ಆದರೆ ಶಿಫ್ಟ್ ಹಿಡಿದುಕೊಂಡಿರಿ. ಗ್ರಬ್ ಮೆನು ಬರುತ್ತದೆ. ಯಾವ ಸಿಸ್ಟಮ್ ಎಬ್ಬಿಸಬೇಕೆಂದು ಕೇಳುವ ಪಟ್ಟಿಯೇ ಗ್ರಬ್. ಗಾಬರಿಯಲ್ಲಿ ಎಸ್ಕೇಪನ್ನು ಟಕಟಕ ಒತ್ತಿದರೆ ಮೆನು ಹಾರಿ, ಗ್ರಬ್ ಎಂದು ಬರೆದ ಖಾಲಿ ಕಪ್ಪು ಪರದೆಗೆ ಬೀಳುತ್ತೀರಿ. ಅಲ್ಲಿ ಎನ್-ಓ-ಆರ್-ಎಂ-ಎ-ಎಲ್ ಎಂದು ಕೊಟ್ಟರೆ ಮೆನು ವಾಪಸ್ಸು ಬರುತ್ತದೆ.

2. "ಅಡ್ವಾನ್ಸ್ಡ್ ಆಪ್ಷನ್ಸ್" ಎಂಬ ಸಾಲಿಗೆ ಬಾಣದ ಕೀಲಿಯಿಂದ ಇಳಿದು ಎಂಟರ್ ಒತ್ತಿ. ಒಳಗೆ "ರಿಕವರಿ ಮೋಡ್" ಎಂದು ಕೊನೆಯಾಗುವ ಮೊದಲ ಸಾಲನ್ನು ಆರಿಸಿ.

3. ಅಕ್ಷರಗಳ ಜಡಿಮಳೆ ಸುರಿದು ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ರೂಟ್" ಆರಿಸಿ, ಕೆಳಗೆ ಕೇಳಿದಾಗ ಇನ್ನೊಮ್ಮೆ ಎಂಟರ್.

4. ಡಿಸ್ಕ್ ಇನ್ನೂ ಓದಲು ಮಾತ್ರ ಎಂಬ ಸ್ಥಿತಿಯಲ್ಲಿರಬಹುದು. ಬರೆಯಲು ಬಿಡಿಸಿಕೊಳ್ಳಿ: ಎಂ-ಓ-ಯು-ಎನ್-ಟಿ ಸ್ಪೇಸ್ ಮೈನಸ್-ಓ ಸ್ಪೇಸ್ ಆರ್-ಇ-ಎಂ-ಓ-ಯು-ಎನ್-ಟಿ-ಕಾಮಾ-ಆರ್-ಡಬ್ಲ್ಯು ಸ್ಪೇಸ್ ಸ್ಲ್ಯಾಶ್. ಏನೂ ಉತ್ತರ ಬರದಿದ್ದರೆ ಆಯಿತೆಂದೇ ಅರ್ಥ.

5. ಯೂಸರ್‌ನೇಮ್ ಗೊತ್ತಿಲ್ಲದಿದ್ದರೆ ಎಲ್-ಎಸ್ ಸ್ಪೇಸ್ ಸ್ಲ್ಯಾಶ್-ಎಚ್-ಓ-ಎಂ-ಇ. ಬರುವ ಹೆಸರೇ ಅದು. ಮೇಲೆ ಹೇಳಿದ ಒಕ್ಕದ ಹೆಸರು ಇಲ್ಲಿ ಸಿಕ್ಕಿಬೀಳುತ್ತದೆ.

6. ಪಿ-ಎ-ಎಸ್-ಎಸ್-ಡಬ್ಲ್ಯು-ಡಿ ಸ್ಪೇಸ್ ಯೂಸರ್‌ನೇಮ್. ಗಮನಿಸಿ, ಈ ಪದದಲ್ಲಿ ಓ ಮತ್ತು ಆರ್ ಇಲ್ಲ. ಹೊಸ ಪಾಸ್‌ವರ್ಡ್ ಎರಡು ಸಲ ಹಾಕಿ. ಇಲ್ಲೂ ಏನೂ ಕಾಣುವುದಿಲ್ಲ.

7. ಆರ್-ಇ-ಬಿ-ಓ-ಓ-ಟಿ.

ಆರನೆಯದರಲ್ಲಿ ಎರಡು ಎಚ್ಚರಿಕೆ. ಯೂಸರ್‌ನೇಮ್ ಹಾಕದೆ ಬರೀ ಆಜ್ಞೆ ಕೊಟ್ಟರೆ ಬದಲಾಗುವುದು ರೂಟ್‌ನ ಪಾಸ್‌ವರ್ಡ್, ನಿಮ್ಮದಲ್ಲ. ಮತ್ತೆ, ಈ ಕಪ್ಪು ಪರದೆಯಲ್ಲಿ ಕೀಬೋರ್ಡ್ ನಕ್ಷೆ ಬೇರೆ ಇರಬಹುದು. ಆದ್ದರಿಂದ ಈಗ ಸಣ್ಣಕ್ಷರ ಮತ್ತು ಅಂಕಿ ಮಾತ್ರ ಇರುವ ತಾತ್ಕಾಲಿಕ ಪಾಸ್‌ವರ್ಡ್ ಇಡಿ, ಚಿಹ್ನೆ ಬೇಡ. ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಗಟ್ಟಿಯಾದದ್ದಕ್ಕೆ ಬದಲಿಸಿ.

"ಆಥೆಂಟಿಕೇಷನ್ ಟೋಕನ್ ಮ್ಯಾನಿಪ್ಯುಲೇಷನ್ ಎರರ್" ಎಂಬ ಭಯಂಕರ ಸಾಲು ಬಂದರೆ ಸಾಮಾನ್ಯವಾಗಿ ನಾಲ್ಕನೆಯದು ಆಗಿಲ್ಲ ಎಂದರ್ಥ. ಕಾಮಾದ ಹಿಂದೆ ಮುಂದೆ ಜಾಗ ಬಿಟ್ಟಿದ್ದೀರಾ ನೋಡಿ, ಅಲ್ಲಿ ಜಾಗ ಇರಬಾರದು.

ಹಂತ 7: ರಿಕವರಿ ಮೋಡ್ ಒಳಗೆ ಬಿಡದಿದ್ದರೆ

ರೂಟ್‌ಗೆ ಬೀಗ ಹಾಕಿರುವ ಡೆಬಿಯನ್‌ನಲ್ಲಿ ರಿಕವರಿ ಮೋಡ್ "ರೂಟ್ ಅಕೌಂಟ್ ಈಸ್ ಲಾಕ್ಡ್" ಎಂದು ವಾಪಸ್ಸು ಕಳಿಸುತ್ತದೆ. ಆಗ ಗ್ರಬ್ ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ಎಲ್-ಐ-ಎನ್-ಯು-ಎಕ್ಸ್ ಎಂದು ಶುರುವಾಗುವ ಉದ್ದ ಸಾಲನ್ನು ಹುಡುಕಿ. ಅದರಲ್ಲಿ ಬಿಡಿಯಾಗಿ ನಿಂತಿರುವ ಆರ್-ಓ ಎಂಬುದನ್ನು ಆರ್-ಡಬ್ಲ್ಯು ಮಾಡಿ, ಕ್ವಯಟ್, ಸ್ಪ್ಲ್ಯಾಶ್ ಪದಗಳಿದ್ದರೆ ಅಳಿಸಿ. ಸಾಲಿನ ತುದಿಯಲ್ಲಿ ಸ್ಪೇಸ್ ಬಿಟ್ಟು ಐ-ಎನ್-ಐ-ಟಿ-ಈಕ್ವಲ್-ಸ್ಲ್ಯಾಶ್-ಬಿ-ಐ-ಎನ್-ಸ್ಲ್ಯಾಶ್-ಬಿ-ಎ-ಎಸ್-ಎಚ್ ಸೇರಿಸಿ. ಈಕ್ವಲ್ ಎಂದರೆ ಸಮ ಚಿಹ್ನೆ. ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿದರೆ ನೇರ ರೂಟ್ ಪರದೆಗೆ ಹೋಗುತ್ತೀರಿ. ಹಂತ 6ರ ಪಟ್ಟಿಯ ಐದು, ಆರನೇ ಕೆಲಸ ಮಾಡಿ. ಮುಗಿದ ಮೇಲೆ ಎಸ್-ವೈ-ಎನ್-ಸಿ ಕೊಟ್ಟು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಆ ಸಾಲಿಗೆ ನೀವು ಮಾಡಿದ ತಿದ್ದುಪಡಿ ಈ ಒಂದು ಸಲಕ್ಕೆ ಮಾತ್ರ, ಮುಂದಿನ ಬಾರಿ ಎಂದಿನಂತೆ ಏಳುತ್ತದೆ.

ಗ್ರಬ್ ಮೆನುವೇ ಬಾರದಿದ್ದರೆ ಪೆನ್‌ಡ್ರೈವ್‌ನಿಂದ ಎಬ್ಬಿಸಿ "ಟ್ರೈ" ಒತ್ತಿ. ಟರ್ಮಿನಲ್‌ನಲ್ಲಿ ಎಲ್-ಎಸ್-ಬಿ-ಎಲ್-ಕೆ ಕೊಟ್ಟರೆ ಡಿಸ್ಕಿನ ಭಾಗಗಳು ಕಾಣುತ್ತವೆ. ಗಾತ್ರ ನೋಡಿ ನಿಮ್ಮ ಲಿನಕ್ಸ್ ಇರುವುದನ್ನು ಗುರುತಿಸಿ, ವಿಂಡೋಸ್ ಭಾಗವನ್ನು ಮುಟ್ಟಬೇಡಿ. ಅದು ಎಸ್-ಡಿ-ಎ-2 ಎಂದಿಟ್ಟುಕೊಂಡರೆ: ಎಸ್-ಯು-ಡಿ-ಓ ಸ್ಪೇಸ್ ಎಂ-ಓ-ಯು-ಎನ್-ಟಿ ಸ್ಪೇಸ್ ಸ್ಲ್ಯಾಶ್-ಡಿ-ಇ-ವಿ-ಸ್ಲ್ಯಾಶ್-ಎಸ್-ಡಿ-ಎ-2 ಸ್ಪೇಸ್ ಸ್ಲ್ಯಾಶ್-ಎಂ-ಎನ್-ಟಿ. ಆಮೇಲೆ ಎಸ್-ಯು-ಡಿ-ಓ ಸ್ಪೇಸ್ ಸಿ-ಎಚ್-ಆರ್-ಓ-ಓ-ಟಿ ಸ್ಪೇಸ್ ಸ್ಲ್ಯಾಶ್-ಎಂ-ಎನ್-ಟಿ. ಈಗ ನೀವು ಪೆನ್‌ಡ್ರೈವ್ ಬಿಟ್ಟು ನಿಮ್ಮ ಡಿಸ್ಕಿನೊಳಗೆ ಕಾಲಿಟ್ಟಿದ್ದೀರಿ. ಇಲ್ಲಿಂದ ಪಾಸ್‌ವರ್ಡ್ ಬದಲಿಸುವುದು ಮೊದಲಿನ ಹಾಗೆಯೇ.

ಇಷ್ಟು ಓದಿದವರಿಗೆ ಒಂದು ಅನುಮಾನ ಬಂದಿರಬೇಕು: ಇಷ್ಟು ಸುಲಭವಾದರೆ ಕಳ್ಳನೂ ಮಾಡಬಹುದಲ್ಲ? ಮಾಡಬಹುದು. ಲಾಗಿನ್ ಪಾಸ್‌ವರ್ಡ್ ಮನೆಯವರ ಕುತೂಹಲ ತಡೆಯುತ್ತದೆ, ಮೆಷಿನ್ನನ್ನೇ ಹೊತ್ತುಕೊಂಡು ಹೋದವನನ್ನಲ್ಲ. ಅವನನ್ನು ತಡೆಯುವುದು ಎನ್‌ಕ್ರಿಪ್ಷನ್. ಹೋಂಸ್ಟೇ ನಡೆಸುವವರ ಕಂಪ್ಯೂಟರಿನಲ್ಲಿ ಅತಿಥಿಗಳ ಆಧಾರ್ ಪ್ರತಿಗಳು ಇರುತ್ತವೆ. ಅವರು ಎನ್‌ಕ್ರಿಪ್ಷನ್ ಹಾಕಿಕೊಳ್ಳುವುದೇ ಸರಿ, ಆ ಪಾಸ್‌ಫ್ರೇಸ್ ಕಳೆಯದಂತೆ ನೋಡಿಕೊಳ್ಳುವ ಜವಾಬ್ದಾರಿಯೊಂದಿಗೆ.

ಹಂತ 8: ಬದಲಿಸಿದ ಮೇಲೆ ಕಾಡುವ ಕೀರಿಂಗ್

ಕೀರಿಂಗ್ ಎಂದರೆ ಕೀಗೊಂಚಲು. ವೈಫೈ, ಬ್ರೌಸರ್ ಮುಂತಾದವುಗಳ ಪಾಸ್‌ವರ್ಡ್‌ಗಳನ್ನು ಲಿನಕ್ಸ್ ಅದರಲ್ಲಿ ಇಟ್ಟು, ನಿಮ್ಮ ಲಾಗಿನ್ ಪಾಸ್‌ವರ್ಡಿನಿಂದಲೇ ಬೀಗ ಹಾಕುತ್ತದೆ. ಹಂತ 6ರ ದಾರಿಯಲ್ಲಿ ಪಾಸ್‌ವರ್ಡ್ ಬದಲಿಸಿದರೆ ಗೊಂಚಲಿಗೆ ಸುದ್ದಿ ಮುಟ್ಟುವುದಿಲ್ಲ, ಅದು ಹಳೆಯದನ್ನೇ ಕೇಳುತ್ತಿರುತ್ತದೆ. ಹಳೆಯದು ನೆನಪಾದರೆ ಹಾಕಿ. ಆಗದಿದ್ದರೆ ಫೈಲ್ಸ್ ತೆರೆದು, ಕಂಟ್ರೋಲ್ ಮತ್ತು ಎಚ್ ಒತ್ತಿ ಅಡಗಿದ ಫೋಲ್ಡರ್‌ಗಳನ್ನು ಕಾಣಿಸಿಕೊಳ್ಳಿ. ಚುಕ್ಕಿ-ಲೋಕಲ್ ಒಳಗೆ ಶೇರ್, ಅದರೊಳಗೆ ಕೀರಿಂಗ್ಸ್. ಅಲ್ಲಿರುವ ಲಾಗಿನ್ ಎಂಬ ಹೆಸರಿನ ಕೀರಿಂಗ್ ಫೈಲಿನ ಹೆಸರು ಬದಲಿಸಿ, ಲಾಗೌಟ್ ಆಗಿ ಬನ್ನಿ. ಹೊಸ ಗೊಂಚಲು ಹುಟ್ಟುತ್ತದೆ. ಹಳೆಯದರಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳು ಕೈಬಿಟ್ಟವೆಂದೇ ತಿಳಿಯಿರಿ. ಅಳಿಸುವ ಬದಲು ಹೆಸರು ಬದಲಿಸಿ ಅಂದದ್ದು ಯಾಕೆಂದರೆ, ಹಳೆಯ ಪಾಸ್‌ವರ್ಡ್ ನಾಳೆ ಸ್ನಾನದ ಮನೆಯಲ್ಲಿ ನೆನಪಾಗಬಹುದು.

ವಿಂಡೋಸ್ 11 ಹಾಕಿಸಿಕೊಂಡವರಿಗೆ

ಇಲ್ಲಿ ಪಿನ್ ಬೇರೆ, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಬೇರೆ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ. ಅದನ್ನು ಮರೆತರೆ ಲಾಗಿನ್ ಪರದೆಯಲ್ಲೇ "ಪಿನ್ ಮರೆತಿದ್ದೇನೆ" ಎಂಬ ಸಾಲು ಇರುತ್ತದೆ, ಆದರೆ ಇಂಟರ್ನೆಟ್ ಬೇಕು. ಬಲ ಕೆಳಮೂಲೆಯ ಚಿತ್ರ ಒತ್ತಿ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿಕೊಳ್ಳಿ. ಖಾತೆಯ ಪಾಸ್‌ವರ್ಡೇ ಮರೆತಿದ್ದರೆ ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ ಬದಲಿಸಿ. ಆನ್‌ಲೈನ್ ಖಾತೆ ಇಲ್ಲದ ಲೋಕಲ್ ಖಾತೆಯಾದರೆ, ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ ಕಾಣುವ ರೀಸೆಟ್ ಸಾಲು ಒತ್ತಿ ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿ. ಸುಮ್ಮನೆ ಊಹಿಸುತ್ತ ಹೋಗಬೇಡಿ. ಹೊಸದಾಗಿ ಹಾಕಿದ ವಿಂಡೋಸ್ 11ರ ಈಚಿನ ಆವೃತ್ತಿಗಳು ಹತ್ತು ತಪ್ಪಿಗೆ ಹತ್ತು ನಿಮಿಷ ಬಾಗಿಲು ಮುಚ್ಚುತ್ತವೆ.

ದೊಡ್ಡ ಅಪಾಯ ಬೇರೆಯೇ ಇದೆ. ಇನ್‌ಸ್ಟಾಲ್ ಮಾಡಿಕೊಡುವವರು ಅವಸರಕ್ಕೆ ತಮ್ಮದೇ ಇಮೇಲ್‌ನಲ್ಲಿ ಖಾತೆ ತೆರೆದು ಕೊಟ್ಟಿರುತ್ತಾರೆ. ಹೊಸ ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡಬಹುದು. ಆಗ 48 ಅಂಕಿಗಳ ರಿಕವರಿ ಕೀ ಹೋಗಿ ಕೂರುವುದು ಆ ಖಾತೆಯಲ್ಲಿ, ಅಂದರೆ ಅಂಗಡಿಯವರ ಬಳಿ. ಮುಂದೊಂದು ದಿನ ನೀಲಿ ಪರದೆ ಆ ಅಂಕಿಗಳನ್ನು ಕೇಳಿದಾಗ ಅವರ ಫೋನ್ ಸ್ವಿಚ್ ಆಫ್ ಇರುತ್ತದೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಪುಟದಲ್ಲಿ ಯಾರ ಇಮೇಲ್ ಇದೆ ಎಂದು ಇವತ್ತೇ ನೋಡಿ. ನಿಮ್ಮದಲ್ಲದಿದ್ದರೆ ನಿಮ್ಮದಕ್ಕೆ ಬದಲಿಸಿಕೊಳ್ಳಿ, ರಿಕವರಿ ಕೀ ನಿಮ್ಮ ಖಾತೆಗೆ ಉಳಿದಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಎಲ್ಲ ಸರಿಹೋದ ದಿನವೇ ಮಾಡಬೇಕಾದ ಎರಡು ಕೆಲಸ

ಸೆಟ್ಟಿಂಗ್ಸ್‌ನ ಯೂಸರ್ಸ್ ವಿಭಾಗದಲ್ಲಿ ಎರಡನೆಯ ಖಾತೆ ತೆರೆದು, ಅದನ್ನು ಅಡ್ಮಿನಿಸ್ಟ್ರೇಟರ್ ಎಂದು ಗುರುತಿಸಿ, ಬೇರೆ ಪಾಸ್‌ವರ್ಡ್ ಕೊಡಿ. ದಿನಾ ಬಳಸಲು ಅಲ್ಲ; ಒಂದು ಕೈಕೊಟ್ಟರೆ ಇನ್ನೊಂದರಿಂದ ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಸರಿಪಡಿಸಬಹುದು. ಆರನೇ ಹಂತದ ಕಪ್ಪು ಪರದೆ ಮತ್ತೆ ನೋಡಬೇಕಾಗಿಲ್ಲ.

ಆಮೇಲೆ ಕಾಗದ. ಯೂಸರ್‌ನೇಮ್, ಪಾಸ್‌ವರ್ಡ್, ಕೀಬೋರ್ಡ್ ಲೇಔಟ್ ಯಾವುದು, ಎನ್‌ಕ್ರಿಪ್ಷನ್ ಇದೆಯೋ ಇಲ್ಲವೋ, ಇದ್ದರೆ ಪಾಸ್‌ಫ್ರೇಸ್ ಅಥವಾ ರಿಕವರಿ ಕೀ, ಇಷ್ಟನ್ನೂ ಬರೆದು ತೋಟದ ಪತ್ರಗಳಿರುವ ಬೀರುವಿನಲ್ಲಿಡಿ. ಸೊನ್ನೆಗೂ ಇಂಗ್ಲಿಷ್ ಓಗೂ ವ್ಯತ್ಯಾಸ ಕಾಣುವ ಹಾಗೆ ಬರೆಯಿರಿ, ಸೊನ್ನೆಗೆ ಅಡ್ಡಗೆರೆ ಎಳೆಯಿರಿ. ಬಾಲ್‌ಪೆನ್ನಿನಲ್ಲಿ ಬರೆದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ. ಇಂಕ್ ಪೆನ್ನಿನಲ್ಲಿ ಬರೆದಿಟ್ಟ ಒಬ್ಬರ ಚೀಟಿಯನ್ನು ಆಗಸ್ಟ್‌ನಲ್ಲಿ ನಾವಿಬ್ಬರೂ ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದ್ದೇವೆ; ಓದಲು ಆದದ್ದು ಕೊನೆಯ ಮೂರು ಅಂಕಿ ಮಾತ್ರ.